ಬಾರಾಮಹಲಿನ ಬೆಟ್ಟಗಳಲ್ಲಿ ಡೇನಿಯಲ್ಲರ ಜಾಡು

ರಜೆ ಬಂತೆಂದರೆ ಎಲ್ಲಿಗೆ ಹೋಗುವುದೆಂಬ ಚರ್ಚೆ ಪ್ರತಿ ಮನೆಯಲ್ಲೂ ಏಳುತ್ತದೆ. ಲಂಡನ್, ಪ್ಯಾರಿಸ್ಸಿನ ಚಿತ್ರಶಾಲೆಗಳನ್ನು ಮಕ್ಕಳಿಗೆ ತೋರಿಸಿ ಬರುವ ಅನುಕೂಲಸ್ಥರು ನಮ್ಮಲ್ಲೂ ಇದ್ದಾರೆ. ಅಷ್ಟು ದೂರ ಹೋಗಲಾರದವರು ಹೊಸೂರಿನ ದಾರಿ ಹಿಡಿಯಬಹುದು. ಯುರೋಪಿನ ಹೆಸರಾಂತ ಚಿತ್ರಕಾರರಿಬ್ಬರು ತಾವೇ ಇಲ್ಲಿಗೆ ಬಂದು, ಈ ಬೆಟ್ಟಗಳೆದುರು ಕುಳಿತು ಚಿತ್ರ ಬರೆದು ಹೋಗಿದ್ದಾರೆ.

ಅವರು ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ. 1786ರಲ್ಲಿ ಕಲ್ಕತ್ತೆಗೆ ಬಂದಿಳಿದಾಗ ವಿಲಿಯಂ ಇನ್ನೂ ಹದಿನಾರರ ಹುಡುಗ. ನಿಮ್ಮ ಮನೆಯ ಎಸ್ಸೆಸ್ಸೆಲ್ಸಿ ಹುಡುಗನ ವಯಸ್ಸು! ಉತ್ತರ ಭಾರತವನ್ನೆಲ್ಲ ಸುತ್ತಿ 1792ರಲ್ಲಿ ಮದ್ರಾಸಿನಿಂದ ದಕ್ಷಿಣದ ಪ್ರವಾಸಕ್ಕೆ ಹೊರಟರು. ಆಗಷ್ಟೇ ಮೂರನೆಯ ಮೈಸೂರು ಯುದ್ಧ ಮುಗಿದಿತ್ತು. ಆ ವರ್ಷದ ಮಾರ್ಚಿಯಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪನಿಗೆ ಬಿಟ್ಟುಕೊಟ್ಟಿದ್ದ. ಹನ್ನೆರಡು ಕೋಟೆಗಳ ನಾಡಾದ್ದರಿಂದ ಬಾರಾಮಹಲ್ ಎಂಬ ಹೆಸರು ಬಂತೆಂದು ಹೇಳುವುದುಂಟು. ಇಂಗ್ಲೆಂಡಿನ ಜನ ಪತ್ರಿಕೆಗಳಲ್ಲಿ ಓದಿದ್ದ ಕೋಟೆಗಳ ರೂಪವನ್ನು ಕಣ್ಣಾರೆ ನೋಡಲು ಕಾತರರಾಗಿದ್ದರು. ಚಿತ್ರಕಾರರಿಗೆ ಇದಕ್ಕಿಂತ ಒಳ್ಳೆಯ ಸಮಯ ಯಾವುದು?

ರಾಯಕೋಟೆ, ವೀರಭದ್ರದುರ್ಗ, ಜಗದೇವಿ, ಹೊಸೂರು ಇವೆಲ್ಲ ಅವರ ಚಿತ್ರಗಳಲ್ಲಿವೆ. ಬೆಳಕನ್ನು ಮಸೂರದ ಮೂಲಕ ಹಾಯಿಸಿ, ಕಾಗದದ ಮೇಲೆ ಬಿದ್ದ ಬಿಂಬವನ್ನು ಗೆರೆಯಲ್ಲಿ ಹಿಡಿಯುವ ಪೆಟ್ಟಿಗೆಯೊಂದು ಅವರ ಬಳಿ ಇತ್ತು. ಫೋಟೋ ಹುಟ್ಟುವುದಕ್ಕೆ ಮುಂಚಿನ ಕ್ಯಾಮೆರಾ ಎನ್ನಿ. ಊರಿಗೆ ಮರಳಿದ ಮೇಲೆ 1795ರಿಂದ 1808ರವರೆಗೆ 144 ಚಿತ್ರಗಳನ್ನು 'ಓರಿಯೆಂಟಲ್ ಸೀನರಿ' ಎಂಬ ಹೆಸರಿನಲ್ಲಿ ಅಚ್ಚು ಹಾಕಿದರು. ಭಾರತವನ್ನೇ ಕಾಣದ ಎಷ್ಟೋ ಇಂಗ್ಲಿಷರ ಮನಸ್ಸಿನಲ್ಲಿ ನಮ್ಮ ದೇಶ ಮೂಡಿದ್ದು ಈ ಚಿತ್ರಗಳಿಂದ.

ರಾಯಕೋಟೆ ಹೊಸೂರಿನಿಂದ ಒಂದು ಗಂಟೆಯ ದಾರಿಯೂ ಆಗದು. ಮೇಜರ್ ಗೌಡಿಯ ಪಡೆ 1791ರ ಜುಲೈಯಲ್ಲಿ ಹಿಡಿದ ಬೆಟ್ಟ ಇದೇ. ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹೊರಡುವ ಮುಂಚೆ ಡೇನಿಯಲ್ಲರ ಚಿತ್ರದ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಳ್ಳಿ. ಚಿತ್ರಕಾರ ಎಲ್ಲಿ ಕುಳಿತಿದ್ದ, ಬೆಟ್ಟವನ್ನು ಇದ್ದದ್ದಕ್ಕಿಂತ ಎತ್ತರ ಮಾಡಿದ್ದಾನೆಯೇ ಎಂದು ಮಕ್ಕಳೇ ಹುಡುಕಲಿ. ಬೆಳಗ್ಗೆ ಬೇಗ ಹತ್ತಿದರೆ ಬಿಸಿಲೇರುವ ಮುನ್ನ ಇಳಿದುಬಿಡಬಹುದು. ಹೊತ್ತು ಮುಳುಗುವ ಮುಂಚೆ ಊಟ ಮಾಡುವ ಮನೆಯವರಿಗೂ ತೊಂದರೆಯಿಲ್ಲ. ಕೃಷ್ಣಗಿರಿಯ ಸುತ್ತ ಹೋಗುವಾಗ ಮಾತ್ರ ಮನಸ್ಸು ಕಸಿವಿಸಿಗೊಳ್ಳುತ್ತದೆ. ಗ್ರಾನೈಟಿಗಾಗಿ ಗುಡ್ಡಗಳನ್ನೇ ಸೀಳಿದ್ದಾರೆ. ಇನ್ನೂರು ವರ್ಷದ ಹಿಂದಿನ ಕಾಗದ ಉಳಿದಿದೆ, ಕಲ್ಲು ಕರಗುತ್ತಿದೆ!

ಮುಂದೆ ಧರ್ಮಪುರಿ. ಕೃಷ್ಣಗಿರಿ 2004ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಇದೆಲ್ಲ ಧರ್ಮಪುರಿ ಜಿಲ್ಲೆಯೇ. ಕಲೆಕ್ಟರ್ ಅಲೆಕ್ಸಾಂಡರ್ ರೀಡ್‌ನ ಸಹಾಯಕನಾಗಿ ಥಾಮಸ್ ಮನ್ರೋ 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿದ್ದ. ಧರ್ಮಪುರಿಯಲ್ಲಿ ತೋಟವನ್ನೂ ಮಾಡಿಕೊಂಡಿದ್ದ. ಹೊಲಹೊಲವನ್ನೂ ಅಳೆದು, ನಡುವೆ ಜಮೀನ್ದಾರನಿಲ್ಲದೆ ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯ ಮೊದಲ ಪಾಠ ಅವನಿಗಾದದ್ದು ಇಲ್ಲಿ. ಮನ್ರೋನನ್ನು ಹೊಗಳುವ ಪುಸ್ತಕಗಳು ಬಹಳ. ಆದರೆ ಆ ಕಂದಾಯ ರೈತನ ಮೇಲೆ ಭಾರವಾಗಿತ್ತೆಂಬುದನ್ನೂ ಮಕ್ಕಳಿಗೆ ಹೇಳಬೇಕು. ಕಾಲು ಭಾಗ ಇಳಿಸಬೇಕೆಂದು 1807ರಲ್ಲಿ ಶಿಫಾರಸು ಮಾಡಿದವನೂ ಅವನೇ. 1827ರಲ್ಲಿ, ಮದ್ರಾಸಿನ ಗವರ್ನರನಾಗಿದ್ದಾಗ, ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಚೆನ್ನೈಗೆ ಹೋದಾಗ ಅವನ ಕುದುರೆ ಸವಾರಿಯ ಪ್ರತಿಮೆ ನೋಡಿ. ಲಂಡನ್ನಿನ ಪ್ರಸಿದ್ಧ ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿಯ ಕೃತಿ ಅದು. ಕುದುರೆಗೆ ರಿಕಾಪು ಎಲ್ಲಿ ಎಂದು ಮಕ್ಕಳನ್ನು ಕೇಳಿ, ಹುಡುಕಿದರೂ ಸಿಗದು!

ಇದೇ ಧರ್ಮಪುರಿ ಹಿಂದಿನ ತಗಡೂರು. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಮನೆತನದ ಸೋದರರು ಇಲ್ಲಿ ಬಸದಿ ಕಟ್ಟಿಸಿದ್ದನ್ನೂ, ನೊಳಂಬರ ಮಹೇಂದ್ರ ಅದಕ್ಕೆ ನೆರವಾದದ್ದನ್ನೂ 893ರ ಕನ್ನಡ ಶಾಸನ ಹೇಳುತ್ತದೆ. ಮನ್ರೋ ಹೊಲ ಅಳೆಯಲು ಬರುವುದಕ್ಕೆ ಒಂಬತ್ತು ಶತಮಾನ ಹಿಂದಿನ ಮಾತು. ಯುರೋಪಿನವರ ಹೆಸರು ಹುಡುಕಿಕೊಂಡು ಹೋದವರಿಗೆ ನಮ್ಮವರ ಹೆಸರೂ ಎದುರಾಯಿತು.

ಸೇಲಂ ಪೇಟೆಯಲ್ಲಿ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಕೇಳಿಸಿದರೆ ಬೆರಗಾಗಬೇಡಿ. ಅಲ್ಲಿಂದ ಏರ್ಕಾಡಿಗೆ ಇಪ್ಪತ್ತು ಕಡಿದಾದ ತಿರುವುಗಳು. ವಾಂತಿ ಬರುವವರು ಮುಂದಿನ ಸೀಟು ಹಿಡಿಯುವುದು ಲೇಸು. 1820ರ ದಶಕದಲ್ಲಿ ಇಲ್ಲಿ ಕಾಫಿ ನೆಡಿಸಿದವನು ಸೇಲಂ ಕಲೆಕ್ಟರ್ ಕಾಕ್‌ಬರ್ನ್. ಆದರೆ ಮಕ್ಕಳಿಗೆ ಹೇಳಲೇಬೇಕಾದ ಹೆಸರು ರಾಬರ್ಟ್ ಬ್ರೂಸ್ ಫೂಟ್. 1863ರ ಮೇ 30ರಂದು ಮದ್ರಾಸಿನ ಬಳಿ ಪಲ್ಲಾವರದಲ್ಲಿ ಆದಿಮಾನವನ ಕೈಗೊಡಲಿಯನ್ನು ಹೆಕ್ಕಿ, ಈ ನೆಲದ ಮನುಷ್ಯರ ಕಥೆಯನ್ನು ಲಕ್ಷಾಂತರ ವರ್ಷ ಹಿಂದಕ್ಕೊಯ್ದ ಭೂವಿಜ್ಞಾನಿ ಆತ. ನಿವೃತ್ತಿಯ ದಿನಗಳಲ್ಲಿ ಏರ್ಕಾಡಿನಲ್ಲಿ ನೆಲೆಸಿದ. 1912ರಲ್ಲಿ ತೀರಿಕೊಂಡದ್ದು ಕಲ್ಕತ್ತೆಯಲ್ಲಾದರೂ ನೆನಪಿನ ಕುರುಹು ಇರುವುದು ಇಲ್ಲಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ. ಅವನು ಆರಿಸಿ ತಂದ ಕಲ್ಲುಗಳನ್ನು ನೋಡಬೇಕಾದರೆ ಚೆನ್ನೈ ಎಗ್ಮೋರಿನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.