ಊತ ತಾನಾಗಿ ಇಳಿಯುವುದಿಲ್ಲ

ಅಂಗಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ನಾಲ್ಕು ದಿನದಲ್ಲಿ ಇಳಿಯುತ್ತದೆ. ಊತ ಏಕೆ ಏರಿತು ಎಂದು ಹುಡುಕಿದವರು ಅದು ಏಕೆ ಇಳಿಯಿತು ಎಂದು ಬಹುಕಾಲ ಕೇಳಲೇ ಇಲ್ಲ. ಸೌದೆ ಮುಗಿದ ಒಲೆಯಂತೆ ತಾನೇ ಆರುತ್ತದೆ ಎಂದುಕೊಂಡಿದ್ದರು.

ಏರಿಕೆಯ ಜಾಡು ಸಿಕ್ಕಿದ್ದು ವೀರ್ಯದಲ್ಲಿ. 1930ರಲ್ಲಿ ನ್ಯೂಯಾರ್ಕಿನ ಕುರ್ಜ್‌ರಾಕ್ ಮತ್ತು ಲೀಬ್ ಗರ್ಭಕೋಶದ ಸ್ನಾಯುವಿನ ತುಣುಕಿಗೆ ವೀರ್ಯ ತಾಗಿಸಿದಾಗ ಅದು ಕೆಲವೊಮ್ಮೆ ಬಿಗಿಯಿತು, ಕೆಲವೊಮ್ಮೆ ಸಡಿಲವಾಯಿತು. ಇದನ್ನು ಮಾಡುವ ವಸ್ತು ಪ್ರಾಸ್ಟೇಟ್ ಗ್ರಂಥಿಯದೆಂದು ಭಾವಿಸಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಅದನ್ನು ಪ್ರೊಸ್ಟಗ್ಲಾಂಡಿನ್ ಎಂದು ಕರೆದರು. ಅದು ಬಹುಪಾಲು ಬರುವುದು ವೀರ್ಯಕೋಶಗಳಿಂದ ಎಂದು ಆಮೇಲೆ ತಿಳಿಯಿತು; ಹೆಸರು ಹಾಗೇ ಉಳಿಯಿತು. ಅದೂ ಸಿಗುವುದು ಕೂದಲೆಳೆಯಷ್ಟು. ಸೂನೆ ಬರ್ಗ್‌ಸ್ಟ್ರಮ್ ಕುರಿಗಳ ವೀರ್ಯಕೋಶಗಳನ್ನು ರಾಶಿಗಟ್ಟಲೆ ಅರೆದು, ಸೋಸಿ, 1950ರ ದಶಕದ ಕೊನೆಗೆ ಅದರ ಹರಳು ತೆಗೆದರು. ಆ ತಾಳ್ಮೆಗೆ ನನ್ನ ಕೈ ತಾನಾಗಿ ಮುಗಿಯುತ್ತದೆ. 1964ರಲ್ಲಿ ಮೂಲವೂ ಗೊತ್ತಾಯಿತು: ಜೀವಕೋಶದ ಪೊರೆಯಲ್ಲೇ ಇರುವ, 20 ಇಂಗಾಲದ ಕೊಬ್ಬಿನಾಮ್ಲ ಅರಾಕಿಡೋನಿಕ್. ಗಾಯವಾದೊಡನೆ ಒಂದು ಕಿಣ್ವ ಅದನ್ನು ಪೊರೆಯಿಂದ ಬಿಡಿಸುತ್ತದೆ, ಕಾಕ್ಸ್ ಎಂಬ ಇನ್ನೊಂದು ಅದನ್ನು ಪ್ರೊಸ್ಟಗ್ಲಾಂಡಿನ್ ಆಗುವ ದಾರಿಗೆ ಹಚ್ಚುತ್ತದೆ. ರಕ್ತನಾಳ ಹಿಗ್ಗುತ್ತದೆ, ನೋವಿನ ನರ ಸೂಕ್ಷ್ಮವಾಗುತ್ತದೆ. 1899ರಿಂದ ಜನ ನುಂಗುತ್ತಿದ್ದ ಆಸ್ಪಿರಿನ್ ಈ ತಯಾರಿಕೆಯನ್ನೇ ನಿಲ್ಲಿಸುತ್ತದೆಂದು 1971ರಲ್ಲಿ ಲಂಡನ್ನಿನ ಜಾನ್ ವೇನ್ ತೋರಿಸಿದರು. 1982ರ ನೊಬೆಲ್ ಬರ್ಗ್‌ಸ್ಟ್ರಮ್, ಅವರ ಶಿಷ್ಯ ಬೆಂಗ್ಟ್ ಸ್ಯಾಮುಯೆಲ್ಸನ್ ಮತ್ತು ವೇನ್ ಮೂವರಿಗೂ ಸಂದಿತು.

ಇಳಿಕೆಯ ಸುಳಿವು 1984ರದು. ಸ್ಯಾಮುಯೆಲ್ಸನ್ ಜೊತೆಗಿದ್ದ ಚಾರ್ಲ್ಸ್ ಸೆರ್ಹಾನ್‌ಗೆ ಬಿಳಿ ರಕ್ತಕಣಗಳಲ್ಲಿ ಲಿಪಾಕ್ಸಿನ್ ಎಂಬ ವಸ್ತು ಕಂಡಿತು. ಹುಟ್ಟಿದ್ದು ಅದೇ ಅರಾಕಿಡೋನಿಕ್ ಆಮ್ಲದಿಂದ, ಕೆಲಸ ಮಾತ್ರ ತಿರುವುಮುರುವು: ಗಾಯಕ್ಕೆ ನುಗ್ಗುವ ಕಣಗಳನ್ನು ತಡೆಯುವುದು, ಸತ್ತವನ್ನು ನುಂಗಿ ಜಾಗ ಚೊಕ್ಕಟ ಮಾಡುವಂತೆ ದೊಡ್ಡ ಭಕ್ಷಕ ಕಣಗಳನ್ನು ಹುರಿದುಂಬಿಸುವುದು. ಮುಂದೆ ಬಾಸ್ಟನ್ನಿನಲ್ಲಿ ಅವರ ತಂಡ ಮೀನೆಣ್ಣೆಯಲ್ಲಿರುವ ಒಮೆಗಾ-3 ಆಮ್ಲಗಳಿಂದ ಇಲಿಯ ದೇಹ ಊತ ಇಳಿಸುವ ರಿಸಾಲ್ವಿನ್‌ಗಳನ್ನು ತಯಾರಿಸುವುದನ್ನು ಕಂಡಿತು. ಹಾಗೆಂದು ಮೀನೆಣ್ಣೆಯ ಗುಳಿಗೆ ನುಂಗಿದರೆ ಊತ ಇಳಿದೀತೆಂದು ಹೇಳಲಾಗದು. ಪುರಾವೆಯ ಬಹುಭಾಗ ಇಲಿಗಳದೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು 2001ರ ಶೋಧ. ಊತ ಏರಿಸುವ ಪ್ರೊಸ್ಟಗ್ಲಾಂಡಿನ್ ಇ2 ತಾನೇ ಬಿಳಿ ರಕ್ತಕಣಗಳಲ್ಲಿ ಲಿಪಾಕ್ಸಿನ್ ತಯಾರಿಸುವ ಕಿಣ್ವವನ್ನು ಎಬ್ಬಿಸುತ್ತದೆ. ಬೆಂಕಿ ಹಚ್ಚಿದ ಕೈಯೇ ನೀರಿಗೂ ಹೇಳಿ ಕಳಿಸಿದಂತೆ. ಹಾಗಾದರೆ ಕಾಕ್ಸ್ ಮುಚ್ಚುವ ನೋವಿನ ಮಾತ್ರೆ ಆ ಕರೆಯನ್ನೂ ಅಡಗಿಸೀತೇ? 1999ರಲ್ಲೇ ಇಲಿಗಳ ಪ್ರಯೋಗದಲ್ಲಿ, ತಡವಾಗಿ ಕಾಕ್ಸ್-2 ಎಂಬ ಕಾಕ್ಸ್ ಬಗೆಯನ್ನು ಮುಚ್ಚಿದಾಗ ಊತ ಇನ್ನಷ್ಟು ಎಳೆದಿತ್ತು. ಆಸ್ಪಿರಿನ್ ಮಾತ್ರ ಬೇರೆ: ಅದು ತಾಗಿದ ಕಾಕ್ಸ್-2 ಪೂರ್ತಿ ಸುಮ್ಮನಾಗದೆ ಇನ್ನೊಂದು ಅಣುವನ್ನು ಹೊರಬಿಡುತ್ತದೆ, ಪಕ್ಕದ ಬಿಳಿ ರಕ್ತಕಣ ಅದನ್ನೆತ್ತಿಕೊಂಡು ಲಿಪಾಕ್ಸಿನ್ ಮಾಡಿಕೊಳ್ಳುತ್ತದೆ.