ಹೆಸರಿನ ಜೊತೆಗೇ ಹೋದ ಹಕ್ಕು

‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರವನ್ನು ಅಮೆರಿಕದಲ್ಲಿ ಯಾರು ಬೇಕಾದರೂ ತೋರಿಸಬಹುದು, ಡಿವಿಡಿ ಮಾಡಿ ಮಾರಬಹುದು. ತೆಗೆದವರಿಗೆ ಬಿಡಿಗಾಸೂ ಕೊಡಬೇಕಾಗಿಲ್ಲ. ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುವ ಇಂದಿನ ಸಿನಿಮಾಗಳಿಗೆಲ್ಲ ದಾರಿ ಹಾಕಿಕೊಟ್ಟ ಚಿತ್ರಕ್ಕೆ ಬಂದ ಗತಿ ಇದು.

1967ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ಮಾಡಿಕೊಂಡಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಸಂಸ್ಥೆ ಕಟ್ಟಿದರು. ಆಮೇಲೆ ಅವರಿವರಿಂದ ಕೂಡಿಸಿದ್ದೂ ಸೇರಿ ಒಟ್ಟು ಖರ್ಚು ಸುಮಾರು 1,14,000 ಡಾಲರ್. ಇವಾನ್ಸ್ ಸಿಟಿ ಬಳಿ ಕೆಡವಲಿದ್ದ ಒಂದು ತೋಟದ ಮನೆ ಸಿಕ್ಕಿತು. ಬಾಗಿಲು ಕಿಟಕಿ ಮುರಿದರೂ ಕೇಳುವವರಿರಲಿಲ್ಲ. ಕಪ್ಪು-ಬಿಳುಪು ಚಿತ್ರವಾದ್ದರಿಂದ ಚಾಕೊಲೇಟ್ ಸಿರಪ್ಪೇ ರಕ್ತವಾಯಿತು. ಅದನ್ನೇ ಸುರಿದ ಹಂದಿಮಾಂಸ ನರಮಾಂಸವಾಯಿತು. ಮೊದಲ ದೃಶ್ಯದ ಕಾರು ನಿರ್ಮಾಪಕ ರಸೆಲ್ ಸ್ಟ್ರೈನರ್ ಅವರ ತಾಯಿಯದು. ಚಿತ್ರೀಕರಣದ ನಡುವೆ ಯಾರೋ ಗುದ್ದಿ ಅದು ನೆಗ್ಗಿದಾಗ, ಕಾರು ಮರಕ್ಕೆ ಉಜ್ಜುವಂತೆ ರೊಮೆರೊ ದೃಶ್ಯವನ್ನೇ ತಿದ್ದಿದರು. ನಾಯಕನ ಪಾತ್ರಕ್ಕೆ ಎಲ್ಲರಿಗಿಂತ ಚೆನ್ನಾಗಿ ಅಭಿನಯಿಸಿ ತೋರಿಸಿದವರು ಡ್ಯೂಯೆನ್ ಜೋನ್ಸ್. ಕಪ್ಪು ವರ್ಣದ ನಟನನ್ನು ಇಂಥ ಕಥೆಯ ಕೇಂದ್ರದಲ್ಲಿ ನಿಲ್ಲಿಸುವುದು ಆಗ ಸಣ್ಣ ಮಾತಾಗಿರಲಿಲ್ಲ. 1968ರ ಏಪ್ರಿಲ್‌ನಲ್ಲಿ ಸಿದ್ಧ ಪ್ರಿಂಟನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೊರಟಾಗ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ರೊಮೆರೊ ಅವರ ಕಿವಿಗೆ ಬಿದ್ದದ್ದು ರೇಡಿಯೊದಲ್ಲಿ.

ಚಿತ್ರದ ಮೊದಲ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ಹೆಚ್ಚುಕಡಿಮೆ ಅಂಥದೇ ಹೆಸರಿನ ಚಿತ್ರ ಆಗಲೇ ಇದ್ದುದರಿಂದ ವಿತರಕರಾದ ವಾಲ್ಟರ್ ರೀಡ್ ಸಂಸ್ಥೆಯವರು ಅದನ್ನು ಬದಲಾಯಿಸಿದರು. ಕೃತಿಸ್ವಾಮ್ಯದ ಸೂಚನೆ ಇದ್ದದ್ದು ಆ ಹಳೆಯ ಶೀರ್ಷಿಕೆಯ ಚೌಕಟ್ಟಿನಲ್ಲೇ. ಹೊಸ ಶೀರ್ಷಿಕೆ ಕೂಡಿಸುವಾಗ ಅದನ್ನು ಮತ್ತೆ ಹಾಕಲಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಸೂಚನೆಯಿಲ್ಲದೆ ಪ್ರಕಟವಾದ ಕೃತಿ ಸಾರ್ವಜನಿಕರ ಸೊತ್ತು. ಅಕ್ಟೋಬರ್ 1ರಂದು ಪಿಟ್ಸ್‌ಬರ್ಗ್‌ನ ಫುಲ್ಟನ್ ಚಿತ್ರಮಂದಿರದಲ್ಲಿ ತೆರೆ ಕಂಡ ಚಿತ್ರ ಲಕ್ಷಗಟ್ಟಲೆ ಡಾಲರ್ ದುಡಿಯಿತು. ಅದರ ಬಹುಪಾಲು ಹೋದದ್ದು ಬೇರೆಯವರ ಜೇಬಿಗೆ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಕೈಯಿಂದ ದುಡ್ಡು ಹಾಕಿ, ತಾವೇ ನಟಿಸಿ, ತಾವೇ ಬಣ್ಣ ಬಳಿದು ಚಿತ್ರ ಮಾಡಿದವರ ದುಡಿಮೆಯನ್ನು ಒಂದು ಸಾಲಿನ ಗೈರುಹಾಜರಿ ನುಂಗಿಹಾಕುವುದು ಯಾವ ನ್ಯಾಯ? 1999ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿ ಗೌರವಿಸಿತು. ಗೌರವ ಸಿಕ್ಕಿತು, ಹಕ್ಕು ಮರಳಲಿಲ್ಲ.

1989ರ ಮಾರ್ಚ್ 1ರಿಂದ ಅಮೆರಿಕದಲ್ಲಿ ಆ ಸೂಚನೆ ಕಡ್ಡಾಯವಲ್ಲ. ಅದಕ್ಕೂ ಮೊದಲೇ ಹಕ್ಕು ಕಳೆದುಕೊಂಡ ಈ ಚಿತ್ರಕ್ಕೆ ಆ ತಿದ್ದುಪಡಿ ಅನ್ವಯವಾಗಲಿಲ್ಲ.