ರಂಗಭಾವನ ಬೆಟ್ಟಕ್ಕೆ ಬಂದ ನಂಟರು

ಯಳಂದೂರಿನ ಹೆಸರು ಕೇಳಿದೊಡನೆ ಕನ್ನಡದ ವಿದ್ಯಾರ್ಥಿಗೆ ಷಡಕ್ಷರದೇವನೂ ಸಂಚಿಯ ಹೊನ್ನಮ್ಮನೂ ನೆನಪಾಗುತ್ತಾರೆ. ಆದರೆ ಊರನ್ನು ದಾಟಿ ಮೂಡಲಿಗೆ ಹೊರಳಿದರೆ ಎದುರಾಗುವ ನೀಲಿ ಬೆಟ್ಟಸಾಲಿನಲ್ಲಿ ಇನ್ನೊಂದು ಸಾಹಿತ್ಯವುಂಟು. ಅದು ಓಲೆಗರಿಯನ್ನೇರದೆ ಬಾಯಿಂದ ಬಾಯಿಗೆ ಬಂದದ್ದು. ಆ ಸಾಹಿತ್ಯದ ಪ್ರಕಾರ ಬಿಳಿಗಿರಿರಂಗನು ಊರಿನವರಿಗೆಲ್ಲ ದೇವರು. ಬೆಟ್ಟದ ಸೋಲಿಗರಿಗೋ ಅವನು ದೇವರೂ ಹೌದು, ಭಾವನೂ ಹೌದು. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಕೈಹಿಡಿದ ಮೇಲೆ ಆತ ಅವರ ಮನೆಯ ಅಳಿಯನಾದ. ಬಯಲುಸೀಮೆಯ ಬೂದಿತಿಟ್ಟಿನ ಭಕ್ತರು ಅವನಿಗೆ ಭಾರಿ ಗಾತ್ರದ ಚರ್ಮದ ಪಾದರಕ್ಷೆಗಳನ್ನು ಹೊಲಿದು ತಂದೊಪ್ಪಿಸುತ್ತಾರೆ. ಕಾಡೆಲ್ಲ ಅಲೆದು ದೇವರು ಅವನ್ನು ಸವೆಸುತ್ತಾನೆಂದು ನಂಬಿಕೆ. ಹಾಗಾದರೆ ಈ ಬೆಟ್ಟದ ಮೊದಲ ಪ್ರವಾಸಿ ರಂಗನಾಥನೇ ಎನ್ನಬಹುದು. ಆದರೆ ಅವನು ಬಂದದ್ದು ನೋಡಿಹೋಗುವುದಕ್ಕಲ್ಲ, ನಂಟನಾಗಿ ನಿಲ್ಲುವುದಕ್ಕೆ.

ಈ ಮಾತು ನನಗೆ ಹೊಳೆಯುವುದಕ್ಕೆ ಒಂದು ತಪ್ಪು ಮಾಡಬೇಕಾಯಿತು. ಏಳೆಂಟು ವರ್ಷಗಳ ಹಿಂದೆ ನನ್ನ ಕಾಲೇಜಿನ ನಲವತ್ತೆರಡು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗಿದ್ದೆ. ಜಾನಪದವನ್ನು ಪಠ್ಯದಲ್ಲಿ ಓದಿದವರು ಕಣ್ಣಾರೆ ಕಾಣಲಿ ಎಂಬುದು ನನ್ನ ಸದುದ್ದೇಶ. ತಲೆಗೆ ನೂರು ರೂಪಾಯಿಯಂತೆ ಎತ್ತಿ, ನಾಲ್ಕು ಸಾವಿರದ ಇನ್ನೂರನ್ನು ವ್ಯವಸ್ಥೆ ಮಾಡುವವರ ಕೈಗಿತ್ತು, ಸಂಜೆಗೆ ಸೋಲಿಗರ ಗೊರುಕನ ಕುಣಿತವನ್ನು ಏರ್ಪಡಿಸಿದೆ. ಬೆಂಕಿಯ ಸುತ್ತ ಹತ್ತು ಮಂದಿ ಕುಣಿದರು. ನಮ್ಮ ಹುಡುಗರು ಶಿಳ್ಳೆ ಹಾಕಿದರು, ಮೊಬೈಲುಗಳನ್ನೆತ್ತಿ ಹಿಡಿದರು, ಕೆಲವರು ನಡುವೆ ನುಗ್ಗಿ ತಾವೂ ಕುಣಿದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

ನನ್ನ ತರಗತಿಯಲ್ಲೇ ಒಬ್ಬ ಸೋಲಿಗರ ಹುಡುಗನಿದ್ದ. ಬೆಂಕಿಯ ಬೆಳಕಿನಲ್ಲಿ ಅವನ ಮುಖ ನನಗೆ ಕಾಣಲಿಲ್ಲ. ಮರುದಿನ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ:

“ಕುಣಿದೋರಲ್ಲಿ ನಮ್ಮ ಸೋದರಮಾವ ಇದ್ರು, ಸಾ. ಅದು ರೊಟ್ಟಿಹಬ್ಬದಲ್ಲಿ ರಾತ್ರಿಯೆಲ್ಲ ಆಡೋದು. ನೆನ್ನೆ ಬೇಗ ಮುಗಿಸಿ ಅಂದ್ರಂತೆ. ಮಾವಂಗೆ ಇನ್ನೂರು ರೂಪಾಯಿ ಕೊಟ್ರು. ಬೇಡ ಅನ್ನಕಾಯ್ತದಾ, ಸಾ?”

ಹತ್ತು ಮಂದಿಗೆ ಇನ್ನೂರರಂತೆ ಎರಡು ಸಾವಿರ. ಉಳಿದ ಎರಡು ಸಾವಿರದ ಇನ್ನೂರು ಬೆಟ್ಟವನ್ನು ಹತ್ತಲೇ ಇಲ್ಲ. ಲೆಕ್ಕದ ಈ ತಪ್ಪು ಸಣ್ಣದು. ಹಬ್ಬದ ಇರುಳನ್ನು ಅರ್ಧ ಗಂಟೆಗೆ ಕತ್ತರಿಸಿ ಕೊಂಡದ್ದು, ಅದೂ ಆ ಮನೆಯ ಮಗುವಿನ ಕಣ್ಣೆದುರಿಗೆ, ದೊಡ್ಡ ತಪ್ಪು. ಅದನ್ನು ಮಾಡಿದವನು ಜಾನಪದವನ್ನು ಬೋಧಿಸುವ ನಾನೇ.

ಪ್ರವಾಸೋದ್ಯಮದಿಂದ ಬುಡಕಟ್ಟಿನ ಬಡತನ ನೀಗುವುದೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಆ ಇನ್ನೂರು ರೂಪಾಯಿಯನ್ನು ಸೋದರಮಾವ ಬೇಡವೆನ್ನಲಾರದೆ ಹೋದದ್ದೇಕೆ ಎಂಬುದನ್ನು ಮೊದಲು ವಿಚಾರಿಸಬೇಕು. ಸೋಲಿಗರ ಬಡತನ ಕಾಡಿನಿಂದ ಬಂದದ್ದಲ್ಲ. ಕಾಡು ಕೈಬಿಟ್ಟುಹೋದದ್ದರಿಂದ ಬಂದದ್ದು. 1974ರಲ್ಲಿ ಈ ಬೆಟ್ಟಗಳು ಅಭಯಾರಣ್ಯವಾದುವು. ಕಾಡಿನೊಳಗೆ ಚದರಿದ್ದ ಪೋಡುಗಳು ರಸ್ತೆಯಂಚಿನ ಕಾಲೊನಿಗಳಾದುವು. ರಾಗಿ, ಸಾಮೆ, ಅವರೆ ಬೆಳೆಯುತ್ತಿದ್ದ ತಿರುಗು ಬೇಸಾಯ ನಿಂತಿತು. ನೆಲದ ತರಗೆಲೆಗೆ ಹದವಾಗಿ ಇಡುತ್ತಿದ್ದ ‘ತರಗುಬೆಂಕಿ’ಯೂ ಅಪರಾಧವಾಯಿತು. ಆ ಬೆಂಕಿ ನಿಂತ ಮೇಲೆಯೇ ಲಾಂಟಾನದ ಪೊದೆ ಕಾಡನ್ನೆಲ್ಲ ಮುಸುಕಿತೆಂದು ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳೂ ಆ ಮಾತಿಗೆ ಕಿವಿಗೊಟ್ಟಿದ್ದಾರೆ. ಉಳಿದದ್ದು ಜೇನು, ನೆಲ್ಲಿ, ಸೀಗೆ, ಪಾಚಿ. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾದ ತರುವಾಯ ಅವನ್ನು ಆಯ್ದು ಮಾರುವುದಕ್ಕೂ ತಡೆ ಬಿತ್ತು. ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿಜೇನುಗಳ ಗುಟ್ಟು ಬಲ್ಲವನು, ಮರ ಹತ್ತಲಾರದ ಹುಲಿಗೂ ಒಂದು ಪಾಲೆಂದು ಜೇನುತಟ್ಟಿಯ ತುಂಡನ್ನು ನೆಲದಲ್ಲಿ ಬಿಟ್ಟು ಬರುವವನು, ಕೊಡಗಿನ ತೋಟಗಳಿಗೆ ಕೂಲಿಗೆ ಹೋದ. ಕಾಡನ್ನು ಬಲ್ಲವನಿಗೆ ಕಾಡಿನಲ್ಲಿ ಕೆಲಸವಿಲ್ಲ; ಕಾಡನ್ನು ನೋಡಬಂದವನಿಗೆ ಅಲ್ಲಿ ಹಾಸಿಗೆಯುಂಟು, ಊಟವುಂಟು, ಜೀಪುಂಟು.

ಇದು ನಮ್ಮ ಬೆಟ್ಟದ ಕಥೆ ಮಾತ್ರವಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ದೇಶದ ವಾಯವ್ಯ ದಿಕ್ಕಿನಿಂದ ಹೊರಟು ಯೂರೋಪನ್ನೆಲ್ಲ ಅಲೆದ ರೋಮಾ ಜನರ ನುಡಿಯಲ್ಲಿ ನೀರಿಗೆ ಇಂದಿಗೂ ‘ಪಾನಿ’ ಎಂದೇ ಹೆಸರು, ಮನುಷ್ಯನಿಗೆ ‘ಮನುಷ್’. ಸ್ಪೇನಿನ ಗ್ರನಾಡ ನಗರದಂಚಿನ ಸಾಕ್ರೊಮೊಂತೆ ಗುಡ್ಡದ ಗುಹೆಗಳಲ್ಲಿ ನೆಲೆಸಿದ ಅವರ ಹಾಡುಕುಣಿತಗಳನ್ನು ನೋಡಲು ಹತ್ತೊಂಬತ್ತನೆಯ ಶತಮಾನದಿಂದಲೇ ಪ್ರವಾಸಿಗಳು ಬರತೊಡಗಿದರು. ಕುಣಿತ ಜಗತ್ಪ್ರಸಿದ್ಧವಾಯಿತು. ಆದರೆ 1963ರ ಸುಮಾರಿನಲ್ಲಿ ದೊಡ್ಡ ಮಳೆ ಸುರಿದು ಗುಹೆಗಳು ಕುಸಿದಾಗ ಅಲ್ಲಿದ್ದ ಬಹುಮಂದಿಯನ್ನು ನಗರದ ಹೊರವಲಯಕ್ಕೆ ಸಾಗಿಸಲಾಯಿತು. ಇಂದಿಗೂ ಅಲ್ಲಿ ಗುಹೆಗಳಿವೆ, ಕುಣಿತವಿದೆ, ವಸ್ತುಸಂಗ್ರಹಾಲಯವೂ ಇದೆ. ಬಂದವರು ಮೆಚ್ಚಿದ್ದು ಕುಣಿತವನ್ನು. ಕುಣಿದವರ ಮನೆ ಯಾರ ಹೆಸರಿನಲ್ಲಿದೆಯೆಂದು ಕೇಳುವುದು ಅವರ ಪ್ರವಾಸದ ಪಟ್ಟಿಯಲ್ಲಿರಲಿಲ್ಲ.

ಯಳಂದೂರಿನ ಬೆಟ್ಟದಿಂದ ಕೊಳ್ಳೇಗಾಲದ ಮೂಲಕ ಹನೂರಿನ ಮಲೆಗೆ ಬರೋಣ. 1956ರವರೆಗೆ ಕೊಳ್ಳೇಗಾಲದ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಯಳಂದೂರಿನ ಸೋಲಿಗರಿಗೊಂದು ಸರ್ಕಾರ, ಹನೂರಿನ ಸೋಲಿಗರಿಗೊಂದು. ಆ ಗಡಿ ಅಳಿಯಿತು, ಬಡತನ ಅಳಿಯಲಿಲ್ಲ. ಮಾದೇಶ್ವರನ ಮಹಾಕಾವ್ಯವನ್ನು ಓದಿದವರಿಗೆ ಸೋಲಿಗರ ಸಂಕಮ್ಮನನ್ನು ಪರಿಚಯಿಸಬೇಕಾದ್ದಿಲ್ಲ. ಹೆಜ್ಜೇನಿನ ಮಲೆಗೆ ಹೊರಟ ಗಂಡ ನೀಲೇಗೌಡ ಸಂಶಯದಿಂದ ಅವಳನ್ನು ಕಟ್ಟಿಹಾಕಿ ಹೋದಾಗ, ಅವಳ ಕೂಗಿಗೆ ಓಗೊಟ್ಟವನು ಮಾದೇಶ್ವರ. ಆ ದೇವರ ಗುಡಿಗೆ ಇಂದು ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗಳಲ್ಲಿ ಜನಸಾಗರವೇ ಹರಿದುಬರುತ್ತದೆ. ಹುಂಡಿಯ ಲೆಕ್ಕ ಕೋಟಿಗಳಲ್ಲಿ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅದೇ ಮಲೆಯ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು, ಮೂಲಸೌಕರ್ಯವಿಲ್ಲವೆಂದು ಮತದಾನವನ್ನು ಬಹಿಷ್ಕರಿಸಿದ ಜನರ ಗಲಭೆಯಲ್ಲಿ ಮತಗಟ್ಟೆಯೇ ಧ್ವಂಸವಾಗಿ, 29ರಂದು ಮರುಮತದಾನ ನಡೆಯಬೇಕಾಯಿತು. ಯಾತ್ರಿಕರ ಹಣ ಬೆಟ್ಟವನ್ನು ಹತ್ತಿದ ಮಾತ್ರಕ್ಕೆ ಪಕ್ಕದ ಹಾಡಿಯವರೆಗೆ ತಾನಾಗಿ ಹರಿದುಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ನೀರಿಗೆ ಕಾಲುವೆ ತೋಡಬೇಕು, ಹಣಕ್ಕೂ ಅಷ್ಟೆ.

ಅಂಥ ಸಣ್ಣ ಕಾಲುವೆಗಳೂ ಇಲ್ಲದಿಲ್ಲ. ಕಾಡನ್ನು ನುಂಗುತ್ತಿರುವ ಲಾಂಟಾನವನ್ನೇ ಕಡಿದು, ಬೇಯಿಸಿ, ಸುಲಿದು, ಕುರ್ಚಿ ಬುಟ್ಟಿಗಳನ್ನು ಹೆಣೆಯುವ ಕೆಲಸವನ್ನು ‘ಏಟ್ರೀ’ ಸಂಸ್ಥೆ ಮಲೆಮಾದೇಶ್ವರ ಬೆಟ್ಟದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಆರಂಭಿಸಿತು. ಬಿಳಿಗಿರಿ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ, ಆಸ್ಪತ್ರೆಗಳಿಂದ ಒಂದು ತಲೆಮಾರು ಓದಿ ಮೇಲೆ ಬಂದಿದೆ; ಸೋಲಿಗರಲ್ಲಿ ಡಾಕ್ಟರೇಟ್ ಪಡೆದವರೂ ಇದ್ದಾರೆ. 2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾದಾಗ ಎದ್ದ ಭಯವನ್ನು, ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ದೊರೆತ ಸಾಮುದಾಯಿಕ ಹಕ್ಕುಪತ್ರಗಳು ಬಹುಮಟ್ಟಿಗೆ ತಗ್ಗಿಸಿದುವು. ಹುಲಿಯ ಕಾಡಿನಲ್ಲಿ ಇಂಥ ಹಕ್ಕು ಪಡೆದ ಮೊದಲಿಗರೆಂದು ಸೋಲಿಗರು ದೇಶದಲ್ಲೆಲ್ಲ ಹೆಸರಾದರು. ಇದಕ್ಕೆ ಮುನ್ನವೇ ಅವರು ಸಂಶೋಧಕರೊಡನೆ ಕಾಡೆಲ್ಲ ನಡೆದು, ತಮ್ಮ ದೇವರು, ವೀರರು, ಮಾರಿಯರ ನಾನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿ ನಕ್ಷೆ ಬರೆಸಿದ್ದರು. ಭಾರ್ಗವಿಯ ದಡದ ದೊಡ್ಡ ಸಂಪಿಗೆ ಅವುಗಳಲ್ಲಿ ಒಂದು. ನಮಗೆ ಬರಿಯ ಹಸುರಾಗಿ ಕಾಣುವುದು ಅವರಿಗೆ ವಿಳಾಸಗಳ ಪುಸ್ತಕ.

ನಾನು ಹೇಳಬೇಕೆಂದಿರುವುದು ಇಷ್ಟೆ: ಪ್ರವಾಸೋದ್ಯಮದಲ್ಲಿ ತೋರಿಸುವವನು ಬೇರೆ, ತೋರಿಕೆಯಾಗುವವನು ಬೇರೆ. ತೋರಿಸುವವನಿಗೆ ಬೆಲೆ ಹೇಳುವ ಅಧಿಕಾರವಿದೆ. ತೋರಿಕೆಯಾದವನಿಗೆ ಸಿಕ್ಕಷ್ಟೇ ಕೂಲಿ. ಅಡುಗೆಯವನಾಗಿ, ಕಾವಲಿನವನಾಗಿ, ಸಂಜೆಯ ಕುಣಿತಗಾರನಾಗಿ ಸೋಲಿಗನನ್ನು ಸೇರಿಸಿಕೊಂಡರೆ ಬಡತನದ ಅಂಚು ತುಸು ಸವೆದೀತು, ಬೇರು ಅಲುಗದು. ದಾರಿ ಯಾವುದು, ಜನ ಎಷ್ಟು, ಹಣ ಎಷ್ಟು, ಯಾವ ತಿಂಗಳು ಬಾಗಿಲು ಮುಚ್ಚಬೇಕು ಎಂಬುದನ್ನು ಪೋಡಿನ ಗ್ರಾಮಸಭೆ ನಿರ್ಧರಿಸುವಂತಾದರೆ, ಬಂದ ಹಣದ ಲೆಕ್ಕ ಅದರ ಮುಂದೆ ಓದುವಂತಾದರೆ, ಜೇನು ಕಾಫಿಗಳು ದಳ್ಳಾಳಿಯ ಕೈ ತಪ್ಪಿ ಬಂದವರಿಗೆ ನೇರ ಮಾರಾಟವಾದರೆ, ಆಗ ಅದು ಬದುಕಾದೀತು. ಹುಲಿ ಸಂರಕ್ಷಣಾ ಪ್ರಾಧಿಕಾರವು 2012ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳೂ ಪ್ರವಾಸದ ಆದಾಯ ಸ್ಥಳೀಯರಿಗೆ ಸಲ್ಲಬೇಕೆಂದೇ ಹೇಳುತ್ತವೆ. ಬರೆದದ್ದು ನಡೆಯಬೇಕು, ಅಷ್ಟೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಪ್ರವಾಸಿಗಳ ಸೋಂಕೇ ಬೇಡ, ಸೋಲಿಗರು ಇದ್ದ ಹಾಗೆಯೇ ಇರಲಿ ಎನ್ನುವವರಿದ್ದಾರೆ. ಪೇಟೆಯಲ್ಲಿ ತಿಂಗಳ ಸಂಬಳ ಎಣಿಸುವ ನಾವು ಇನ್ನೊಬ್ಬರಿಗೆ ಕಾಡಿನ ಉಪವಾಸವನ್ನು ಉಪದೇಶಿಸುವುದು ತರವಲ್ಲ. ಓದಿದ ಸೋಲಿಗ ಯುವಕರಿಗೆ ಕೆಲಸ ಬೇಕು, ಅದು ಮನೆಯ ಬಳಿಯೇ ದೊರೆಯುವುದಾದರೆ ಒಳ್ಳೆಯದು. ಇನ್ನು ಕೆಲವರು, ಕುಣಿತವನ್ನು ಮಾರಿದರೆ ತಾನೆ ಉಳಿಯುವುದು ಎನ್ನುತ್ತಾರೆ. ಸಾಕ್ರೊಮೊಂತೆಯಲ್ಲಿ ಕುಣಿತ ಉಳಿದಿದೆ, ನಿಜ. ಕುಣಿದವರು ಎಲ್ಲಿ ಉಳಿದರೆಂಬುದನ್ನೂ ನೋಡಿದ್ದೇವೆ.

ಕಳೆದ ವರ್ಷ ಅದೇ ಹುಡುಗ, ಈಗ ಹುಡುಗನಲ್ಲ, ನನ್ನನ್ನೂ ಆರು ಮಂದಿ ವಿದ್ಯಾರ್ಥಿಗಳನ್ನೂ ತನ್ನ ಪೋಡಿಗೆ ಕರೆದ. ಒಟ್ಟು ಎಷ್ಟು ಕೊಡಬೇಕೆಂದು ಮೊದಲೇ ಹೇಳಿದ. ನಾನು ಚೌಕಾಸಿ ಮಾಡಲಿಲ್ಲ. ಅವನ ತಾಯಿ ರಾಗಿಮುದ್ದೆಯ ಜೊತೆಗೆ ಕಾಡುಸೊಪ್ಪಿನ ಸಾರು ಬಡಿಸಿದರು. ಸೋದರಮಾವ ಬಂದು ಕೂತು, ಜೇನು ಹೂವಿನಿಂದ ಹೂವಿಗೆ ಹೋಗುವ ತಿಂಗಳುಗಳನ್ನು ಬೆರಳು ಮಡಿಸಿ ಲೆಕ್ಕ ಹೇಳಿದರು. ನನ್ನ ವಿದ್ಯಾರ್ಥಿಗಳು ತರಗತಿಯಲ್ಲಿ ಎಂದೂ ಬರೆಯದಷ್ಟು ಬರೆದುಕೊಂಡರು. ಊಟವಾದ ಮೇಲೆ ಪೋಡಿನ ಸುತ್ತ, ಕಾಫಿ ಗಿಡಗಳ ನಡುವೆ ನಡೆದೆವು. ಒಂದು ತಿರುವಿನಲ್ಲಿ ಕಲ್ಲುಗಳ ಗುಂಪು ಕಂಡಿತು. ವಿದ್ಯಾರ್ಥಿಯೊಬ್ಬ ಮೊಬೈಲು ತೆಗೆದು ಮುಂದಕ್ಕೆ ಹೆಜ್ಜೆಯಿಟ್ಟ.

“ಇಲ್ಲಿಂದ ಮುಂದಕ್ಕೆ ಬೇಡ, ಸಾ” ಎಂದ ನನ್ನ ಹಳೆಯ ಶಿಷ್ಯ, ನನ್ನತ್ತ ತಿರುಗಿ.

ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆರು ಮಂದಿಯನ್ನೂ ಹಿಂದಕ್ಕೆ ಕರೆದೆ. ಅಂದು ಇನ್ನೂರು ರೂಪಾಯಿಗೆ ಬೇಡವೆನ್ನಲಾಗದ ಮನೆಯಲ್ಲಿ ಇಂದು ಒಬ್ಬ ‘ಬೇಡ’ ಎಂದಿದ್ದ.